ಸೂರಿನಡಿ ಪಾಠ ಹೇಳುವವರು

ಹದಿನೇಳನೆಯ ಪುಟದ ಮೇಲೆ ಚಹಾದ ಲೋಟ ಇಡದೇ ಹೋಗಿದ್ದರೆ ಆ ಪದ ವಕೀಲನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹನ್ನೊಂದು ಗಂಟೆಗೆ ಸಹಿ. ಎಂಬತ್ತನಾಲ್ಕು ಪುಟಗಳ ಒಪ್ಪಂದ. ಬರೆದವನು ತಾನೇ, ತಿದ್ದಿದವನೂ ತಾನೇ. ಇವತ್ತು ಅದನ್ನು ಮತ್ತೆ ಓದುವ ಅಗತ್ಯವೇನೂ ಇರಲಿಲ್ಲ. ಆದರೂ ತಿಂಡಿಯ ಮೇಜಿನ ಮೇಲೆ ಹರವಿಕೊಂಡು ತನ್ನ ವಾಕ್ಯಗಳನ್ನು ತಾನೇ ಸವಿಯುತ್ತ ಕೂತಿದ್ದ. ಕೆಲವರು ಬೆಳಿಗ್ಗೆ ಕನ್ನಡಿಯ ಮುಂದೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾರೆ, ಇವನು ತನ್ನ ಕರಡಿನ ಮುಂದೆ ಕೂರುತ್ತಾನೆ, ವ್ಯತ್ಯಾಸ ಅಷ್ಟೇ. ಲೋಟ ಎತ್ತಿದಾಗ ಕಾಗದದ ಮೇಲೆ ಕಂದು ಬಣ್ಣದ ಬಳೆಯೊಂದು ಮೂಡಿತ್ತು. ಬಳೆಯ ನಡುವೆ ‘ಸೂರಿನಡಿ’ ಎಂಬ ಪದ ಸಿಕ್ಕಿಬಿದ್ದಿತ್ತು. ಹೆಂಡತಿ ಒರೆಸುವ ಬಟ್ಟೆ ತಂದಳು. ಮೇಜು ಇರುವುದು ಲೋಟ ಇಡಲಿಕ್ಕೆ, ಕಾಗದ ಇರುವುದು ಬರೆಯಲಿಕ್ಕೆ, ಇಷ್ಟು ಸಣ್ಣ ವಿಷಯ ಇಷ್ಟು ದೊಡ್ಡ ವಕೀಲರಿಗೆ ತಿಳಿಯುವುದು ಯಾವಾಗ ಎಂದು ಕೇಳಿದಳು. ಅವನ ಕಣ್ಣು ಬಳೆಯೊಳಗಿನ ಪದದ ಮೇಲೇ ಇತ್ತು.

ಅವನ ಕಸುಬು ಕಾಲೇಜುಗಳನ್ನು ಕೂಡಿಸುವುದು. ಸೊರಗಿದ ಕಾಲೇಜನ್ನು ದಷ್ಟಪುಷ್ಟವಾದ ವಿಶ್ವವಿದ್ಯಾಲಯವೊಂದು ನುಂಗುವಾಗ, ನುಂಗುವವರ ಗಂಟಲಿಗೂ ನುಂಗಿಸಿಕೊಳ್ಳುವವರ ಮಾನಕ್ಕೂ ಗಾಯವಾಗದ ಹಾಗೆ ಮಾತು ಹುಡುಕಿಕೊಡುವುದು. ಹಾಗೆಂದೇ ನುಂಗುವವರು ಅವನ ಕಾಗದದಲ್ಲಿ ‘ಉಳಿಯುವ ಸಂಸ್ಥೆ’, ಇನ್ನೊಬ್ಬರು ‘ಲೀನವಾಗುವ ಸಂಸ್ಥೆ’. ಕೇಳಿದವರಿಗೆ ಯಾರೋ ಮೋಕ್ಷಕ್ಕೆ ಹೊರಟಂತೆ ಅನ್ನಿಸಬೇಕು. ಇಪ್ಪತ್ತು ವರ್ಷಗಳಲ್ಲಿ ಒಂಬತ್ತು ಕಾಲೇಜುಗಳನ್ನು ಹೀಗೆ ದಡ ಸೇರಿಸಿದ್ದ. ಇದು ಹತ್ತನೆಯದು, ಮತ್ತು ತಾನು ಓದಿದ ಕಾಲೇಜು. ಅವನಿಗೆ ಹೆಸರಿದ್ದದ್ದು ವ್ಯಾಖ್ಯೆಗಳಿಗೆ. ಕಟ್ಟಡ ಎಂದರೇನು, ವಿದ್ಯಾರ್ಥಿ ಎಂದರೆ ಯಾರು, ರಜೆ ಯಾವಾಗ ರಜೆಯಲ್ಲ, ಇಂಥವನ್ನು ನೀರು ಸೋರದ ಹಾಗೆ ಹೇಳುವುದರಲ್ಲಿ ಅವನನ್ನು ಬಿಟ್ಟರಿಲ್ಲ ಎಂದು ವಕೀಲರ ಸಂಘದಲ್ಲಿ ಮಾತಿತ್ತು. ಆ ಮಾತನ್ನು ಹುಟ್ಟಿಸಿದವನು ತಾನೇ ಎಂಬುದನ್ನು ಅವನು ಮರೆತು ಬಹಳ ಕಾಲವಾಗಿತ್ತು.

ಹದಿನೇಳನೆಯ ಪುಟದಲ್ಲಿದ್ದದ್ದು ಹೀಗೆ. ‘ಬೋಧಕರು’ ಎಂದರೆ ಲೀನವಾಗುವ ಸಂಸ್ಥೆಯ ಸೂರಿನಡಿ ಪಾಠ ಹೇಳುವವರು. ‘ಬೋಧಕೇತರರು’ ಎಂದರೆ ಅದರ ಕಚೇರಿ, ಗ್ರಂಥಾಲಯ, ಪ್ರಯೋಗಾಲಯ, ಗೇಟು ಹಾಗೂ ತೋಟಗಳಲ್ಲಿ ಕೆಲಸ ಮಾಡುವವರು. ಇವರೆಲ್ಲರ ಸೇವೆ ಉಳಿಯುವ ಸಂಸ್ಥೆಯಲ್ಲಿ ಮುಂದುವರಿಯುತ್ತದೆ. ಎರಡೂ ಗುಂಪಿಗೆ ಸೇರದವರ ಸೇವೆ ಸಹಿಯ ದಿನಕ್ಕೆ ಮುಕ್ತಾಯ. ಎಷ್ಟು ಚೊಕ್ಕವಾಗಿದೆ ಎಂದು ನಿನ್ನೆಯವರೆಗೂ ಅವನಿಗೇ ಅನ್ನಿಸಿತ್ತು. ಮನೆಯಲ್ಲೇ ಕೂತು ದೂರದಿಂದ ಪಾಠ ಹೇಳುವ ಅರೆಕಾಲಿಕದವರು ಬೇಡ ಎಂದು ವಿಶ್ವವಿದ್ಯಾಲಯ ಹೇಳಿತ್ತು. ಅವರನ್ನು ಹೊರಗಿಡಲೆಂದೇ ಸೂರು ಬಂದಿತ್ತು. ಈಗ ಚಹಾದ ಬಳೆಯೊಳಗಿಂದ ನೋಡಿದರೆ, ಆ ಕಾಲೇಜಿನಲ್ಲಿ ಸೂರಿನಡಿ ಅಲ್ಲದೆ, ಬಿಸಿಲಿನಲ್ಲಿ, ಬರೀ ಬಯಲಿನಲ್ಲಿ ನಿಂತು ಪಾಠ ಹೇಳುವವನು ಇನ್ನೂ ಒಬ್ಬನಿದ್ದ. ಒಬ್ಬನೇ ಒಬ್ಬ. ಹುಡುಗರ ಬಾಯಲ್ಲಿ ಸೀಟಿ ಮೇಷ್ಟ್ರು. ಕಾಗದದಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ವಕೀಲನಿಗೆ ಭಾವ, ಒಡಹುಟ್ಟಿದ ಅಕ್ಕನ ಗಂಡ. ಮೂವತ್ತೊಂದು ವರ್ಷದ ಸೇವೆ, ನಿವೃತ್ತಿಗೆ ಇನ್ನು ನಾಲ್ಕು ವರ್ಷ. ತೋಟ ನೆನಪಾದವನಿಗೆ ಮೈದಾನ ನೆನಪಾಗಲಿಲ್ಲ.

ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಅವ್ವ ಇದ್ದಿದ್ದರೆ ಹೇಳುತ್ತಿದ್ದಳು. ಕಾರಿನಲ್ಲಿ ಕೂತ ಮೇಲೆ ಅವನು ತನ್ನನ್ನು ತಾನು ಸಮಾಧಾನಪಡಿಸಿಕೊಳ್ಳಲು ನೋಡಿದ. ಕೈತಪ್ಪು, ಅಷ್ಟೇ. ಯಾರಿಗಾದರೂ ಆಗುವಂಥದ್ದು. ಸಹಿ ಆಗಿಹೋಗಲಿ, ಆಮೇಲೆ ಒಂದು ತಿದ್ದುಪಡಿ ಕಳಿಸಿದರಾಯಿತು. ಆದರೆ ಸಹಿಯ ನಂತರದ ತಿದ್ದುಪಡಿಗೆ ಎರಡೂ ಕಡೆಯ ಆಡಳಿತ ಮಂಡಳಿ ಸೇರಬೇಕು, ಅದಕ್ಕೆ ಆರು ತಿಂಗಳು, ಅಷ್ಟರಲ್ಲಿ ಸೇವೆ ತುಂಡಾಗಿರುತ್ತದೆ, ತುಂಡಾದ ಸೇವೆಯನ್ನು ಮತ್ತೆ ಅಂಟಿಸಲು ಬರುವುದಿಲ್ಲ ಎಂದು ಅರವತ್ತನೆಯ ಪುಟದಲ್ಲಿ ಬರೆದಿದ್ದವನೂ ತಾನೇ. ಇನ್ನು ಸಹಿಗೆ ಮುಂಚೆ ಬಾಯಿ ಬಿಟ್ಟರೆ, ವಿಶ್ವವಿದ್ಯಾಲಯದ ವಕೀಲನಾದ ತಾನು ಎದುರು ಪಕ್ಷದಲ್ಲಿರುವ ಭಾವನಿಗಾಗಿ ಕೊನೆ ಗಳಿಗೆಯಲ್ಲಿ ಕಾಗದ ತಿದ್ದಿದ ಎಂದಾಗುತ್ತದೆ. ಆ ಕಾಲೇಜಿನಲ್ಲಿ ನಿನಗೆ ಯಾರಾದರೂ ನೆಂಟರಿದ್ದಾರಾ ಎಂದು ವಿಶ್ವವಿದ್ಯಾಲಯದವರು ಕೇಳಿರಲಿಲ್ಲ, ಇವನು ಹೇಳಿರಲಿಲ್ಲ. ಇದೆಲ್ಲವೂ ಸರಿಯೇ, ಆದರೆ ಅವನನ್ನು ಕಾಡುತ್ತಿದ್ದದ್ದು ಇದಲ್ಲ. ಎರಡು ತಿಂಗಳ ಹಿಂದೆ, ಮಧ್ಯಾಹ್ನ ಊಟವಾದ ಮೇಲೆ, ಆ ಪದವನ್ನು ಬರೆದು ಪೆನ್ನು ಕೆಳಗಿಟ್ಟಾಗ ತಾನು ಒಬ್ಬನೇ ನಕ್ಕಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಯಾಕೆ ನಕ್ಕೆ ಎಂಬುದು ಮಾತ್ರ ನೆನಪಿರಲಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕದ ಗಾಡಿಯವನು ಇತ್ತ ನೋಡಿದ; ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ವಕೀಲ ಕನ್ನಡಿ ತಿರುಗಿಸಿ ತನ್ನ ಮುಖ ನೋಡಿಕೊಂಡ. ಹಲ್ಲಿಗೆ ಏನೂ ಸಿಕ್ಕಿಕೊಂಡಿರಲಿಲ್ಲ.

ಅವನು ಕಾಲೇಜು ಸೇರಿದ ಮೊದಲ ವರ್ಷದಲ್ಲಿ ಮೈದಾನವನ್ನು ನಾಲ್ಕು ಸುತ್ತು ಓಡಬೇಕಿತ್ತು. ನಲವತ್ತು ಹುಡುಗರಲ್ಲಿ ಮೂವತ್ತೊಂಬತ್ತು ಜನ ಮುಗಿಸಿ ಶರ್ಟು ಹಾಕಿಕೊಂಡು ನಿಂತಿದ್ದರು, ಇವನಿಗೆ ಇನ್ನೂ ಒಂದೂವರೆ ಸುತ್ತು ಉಳಿದಿತ್ತು. ಯಾವ ಮೇಷ್ಟ್ರಾದರೂ ಸಾಕು ಬಾರಪ್ಪ ಎನ್ನುತ್ತಿದ್ದರು. ಸೀಟಿ ಮೇಷ್ಟ್ರು ಅನ್ನಲಿಲ್ಲ. ಇವನು ಮುಗಿಸುವ ತನಕ ಕೊನೆಯ ಸೀಟಿ ಊದುವುದಿಲ್ಲ, ಯಾರೂ ಮನೆಗೆ ಹೋಗುವಂತಿಲ್ಲ ಎಂದುಬಿಟ್ಟರು. ಒಂದೂವರೆ ಸುತ್ತು ಮೂವತ್ತೊಂಬತ್ತು ಜನರ ಶಾಪ ಕಿವಿಯಲ್ಲಿ ತುಂಬಿಕೊಂಡು ಓಡಿದ, ಓಡಿದ ಎನ್ನುವುದು ದೊಡ್ಡ ಮಾತು, ಕಾಲೆಳೆದ. ಮುಗಿಸಿದಾಗ ಮೇಷ್ಟ್ರು ಗಡಿಯಾರ ನೋಡಿ ಸಮಯವನ್ನು ಪುಸ್ತಕದಲ್ಲಿ ಬರೆದುಕೊಂಡರು, ಮೊದಲು ಬಂದವನದ್ದನ್ನು ಬರೆದಷ್ಟೇ ಶ್ರದ್ಧೆಯಿಂದ. ಅದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು. ಮನೆಗೆ ಬಂದು ಅಕ್ಕನ ಹತ್ತಿರ, ಜ್ವರ ಇದ್ದರೂ ಬಿಡದೆ ಓಡಿಸಿದರು ಎಂದ. ಜ್ವರ ಇರಲಿಲ್ಲ. ಅಕ್ಕ ಮರುದಿನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೆ ಹೋದಳು. ಹೋದವಳು ಒಂದು ಗಂಟೆ ತಡವಾಗಿ, ಸೆರಗು ಬಿಚ್ಚಿಕೊಂಡು, ನಗುತ್ತ ಬಂದಳು. ಎರಡು ವರ್ಷಕ್ಕೆ ಮದುವೆ. ತನ್ನ ಪರವಾಗಿ ಕಳಿಸಿದ ವಕೀಲೆ ಎದುರು ಪಕ್ಷಕ್ಕೆ ಸೇರಿಕೊಂಡ ಆ ಮೊದಲ ಮೊಕದ್ದಮೆಯನ್ನು ಅವನು ಇನ್ನೂ ಮನಸ್ಸಿನಲ್ಲಿ ನಡೆಸುತ್ತಲೇ ಇದ್ದ. ಮದುವೆಯ ಹಿಂದಿನ ದಿನದವರೆಗೆ ‘ಸರ್’ ಅನ್ನಿಸಿಕೊಂಡವರನ್ನು ಮರುದಿನ ‘ಭಾವ’ ಅನ್ನಬೇಕಾಗಿ ಬಂದಾಗ ನಾಲಿಗೆ ಎರಡೂ ಕಡೆ ಹೊರಳಲಿಲ್ಲ. ಮೊದಲ ಎರಡು ವರ್ಷ ಅವನು ಅವರನ್ನು ಕೆಮ್ಮಿ ಕರೆಯುತ್ತಿದ್ದ. ಈ ಹುಡುಗನಿಗೆ ಗಂಟಲಿನ ತೊಂದರೆ ಇದೆಯೇನೋ ಎಂದು ಅವರ ತಾಯಿ ಕಷಾಯ ಕೊಟ್ಟಿದ್ದೂ ಉಂಟು.

ಕಾಲೇಜಿನ ಗೇಟಿನ ಒಳಗೆ ಕಾರು ನಿಂತಾಗ ಭಾವ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕುತ್ತಿದ್ದರು. ಮೊಣಕಾಲ ತನಕ ಮಡಿಸಿದ ಪ್ಯಾಂಟು, ಕ್ಯಾನ್ವಾಸ್ ಬೂಟು, ಐವತ್ತಾರರಲ್ಲೂ ಬಿಗಿಯಾದ ಹೊಟ್ಟೆ; ಆ ಹೊಟ್ಟೆಯನ್ನು ನೋಡಿದರೇ ವಕೀಲನಿಗೆ ಆಪಾದನೆಯ ಪಟ್ಟಿ ಓದಿದಂತಾಗುತ್ತಿತ್ತು. ಇವನನ್ನು ಕಂಡು ಗೆರೆ ನಿಲ್ಲಿಸಿ, ಲಾಯರು ಬರುವ ಐದು ನಿಮಿಷ ಮೊದಲೇ ಲಾಯರ ಹೊಟ್ಟೆ ಬಂತಲ್ಲ ಎಂದರು. ಸಂಜೆ ಹುಡುಗರ ಓಟವಿದೆಯಂತೆ. ಕಾಲೇಜು ಯಾರದ್ದಾದರೂ ಆಗಲಿ, ಗೆರೆ ನೆಟ್ಟಗಿರಬೇಕಲ್ಲ ಎಂದರು. ಹೇಳಿಬಿಡಬೇಕು, ಈಗಲೇ, ಇಲ್ಲೇ ಎಂದುಕೊಂಡು ವಕೀಲ ಗಂಟಲು ಸರಿಮಾಡಿಕೊಂಡ; ಕರಡನ್ನು ಎಲ್ಲ ನೌಕರರಿಗೂ ಹಂಚಿದ್ದರಲ್ಲ, ಓದಿದಿರಾ ಎಂದು ಕೇಳಿದ.

"ನಾನೆಲ್ಲಿ ಓದ್ತೀನಪ್ಪ. ನಮ್ಮನೇಲಿ ಓದೋದೆಲ್ಲ ನಿಮ್ಮಕ್ಕನ ಖಾತೆ," ಎಂದು ಭಾವ ಮತ್ತೆ ಬಗ್ಗಿದರು. ಬಗ್ಗಿದವರ ಬೆನ್ನಿಗೆ ಯಾರಾದರೂ ಏನು ಹೇಳಲಾದೀತು? ಅಂಗಿಯ ಬೆನ್ನಿನ ಮೇಲೆ, ಎರಡು ಭುಜಗಳ ನಡುವೆ, ಬಿಸಿಲಿಗೆ ಬಣ್ಣ ಹೋಗಿ ಒಂದು ಬಿಳಿಚಿದ ಮಚ್ಚೆಯಾಗಿತ್ತು. ಮೂವತ್ತೊಂದು ವರ್ಷದಲ್ಲಿ ಇಂಥ ಎಷ್ಟು ಅಂಗಿಗಳು ಎಂದು ಅವನಿಗೆ ಮೊದಲ ಸಲ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದ. ಮೇಲೆ ಹೋಗುವಷ್ಟರಲ್ಲಿ ಏದುಸಿರು ಬಂತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಗೋಡೆಗೆ ಒರಗಿದ.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಹೊಸ ಮೇಜುಬಟ್ಟೆ, ಹತ್ತು ಪ್ರತಿಗಳು. ಒಂದು ಕಡೆ ವಿಶ್ವವಿದ್ಯಾಲಯದ ಕುಲಪತಿಗಳು; ತೂಕದ ಮನುಷ್ಯ, ತೂಕದ ಪೆನ್ನು. ಎದುರಿಗೆ ಕಾಲೇಜಿನ ಪ್ರಾಂಶುಪಾಲೆ, ಸಹಿ ಹಾಕಿದ ಮೇಲೆ ತಮ್ಮ ಕುರ್ಚಿಯೂ ಲೀನವಾಗುವುದೋ ಉಳಿಯುವುದೋ ಎಂಬ ಚಿಂತೆಯಲ್ಲಿ ಕುರ್ಚಿಯ ಕೈಯನ್ನು ಸವರುತ್ತಿದ್ದರು. ಅವರ ಪಕ್ಕದಲ್ಲಿ ಕಾಲೇಜಿನ ಕಡೆಯ ಮುದಿ ವಕೀಲರು, ಎಲ್ಲ ಸಭೆಗಳಲ್ಲೂ ಕಣ್ಣು ಮುಚ್ಚಿಕೊಂಡೇ ಕೂರುವವರು. ನಿದ್ದೆಯೋ ಧ್ಯಾನವೋ ಎಂದು ಈವರೆಗೆ ಯಾರಿಗೂ ಸಾಬೀತು ಮಾಡಲಾಗಿರಲಿಲ್ಲ. ಕಿಟಕಿಯಿಂದ ಮೈದಾನ ಕಾಣುತ್ತಿತ್ತು. ಬಿಳಿಯ ಗೆರೆ ಒಂದೇ ಸಮನೆ ಉದ್ದವಾಗುತ್ತ ಹೋಗುತ್ತಿತ್ತು. ಯಾರೋ ಭಾಷಣ ಮಾಡಿದರು. ಎರಡು ನದಿಗಳು ಸೇರುವುದರ ಬಗ್ಗೆ ಇರಬೇಕು, ಯಾವಾಗಲೂ ಅದೇ ಇರುತ್ತದೆ. ಸುಮ್ಮನಿದ್ದರೆ ಏನಾಗುತ್ತದೆ ಎಂದು ವಕೀಲ ಲೆಕ್ಕ ಹಾಕುತ್ತಿದ್ದ. ಮುಂದಿನ ವಾರ ಭಾವನಿಗೆ ಒಂದು ಕಾಗದ ಹೋಗುತ್ತದೆ. ಅಕ್ಕ ಅದನ್ನು ಓದುತ್ತಾಳೆ. ಔಷಧಿಯ ಡಬ್ಬಿಯೊಳಗಿನ ಚೀಟಿಯನ್ನೂ ಕೊನೆಯ ಸಾಲಿನ ತನಕ ಓದುವವಳು. ಓದಿ, ಇದನ್ನು ಬರೆದವನು ಯಾರು ಎಂದು ಕೇಳುವುದಿಲ್ಲ, ಕೇಳದೆಯೇ ಗೊತ್ತಾಗುತ್ತದೆ. ಕುಲಪತಿಗಳು ಪೆನ್ನಿನ ಮುಚ್ಚಳ ತೆಗೆದರು. ಒಂದು ನಿಮಿಷ ಎಂದು ಯಾರೋ ಹೇಳಿದರು. ಎಲ್ಲರೂ ತನ್ನತ್ತ ತಿರುಗಿದ್ದನ್ನು ನೋಡಿ, ಹೇಳಿದ್ದು ತಾನೇ ಎಂದು ವಕೀಲನಿಗೆ ತಿಳಿಯಿತು.

ಆಮೇಲಿನ ಹತ್ತು ನಿಮಿಷ ಅವನು ಬದುಕಿನಲ್ಲಿ ಕಳೆದ ಒಳ್ಳೆಯ ಹತ್ತು ನಿಮಿಷಗಳಲ್ಲಿ ಒಂದಲ್ಲ. ಹದಿನೇಳನೆಯ ಪುಟ ತೆಗೆಯಿರಿ ಎಂದ. ತಪ್ಪು ಎಲ್ಲಿದೆ ಎಂದು ಹೇಳಿದ. ತಪ್ಪೇ, ನಿಮ್ಮ ವ್ಯಾಖ್ಯೆಯಲ್ಲೇ ಎಂದು ಕುಲಪತಿಗಳು ಹುಬ್ಬೇರಿಸಿದರು. ಅವರ ದನಿಯಲ್ಲಿ ಬೇಸರಕ್ಕಿಂತ ಸಂತೋಷವೇ ಹೆಚ್ಚಿತ್ತು. ಕಾಲೇಜಿಗೆ ಬಂದು ದುಡಿಯುವ ಎಲ್ಲರನ್ನೂ ತೆಗೆದುಕೊಳ್ಳುತ್ತೇವೆ ಎಂದು ತಾವು ಮಾತು ಕೊಟ್ಟದ್ದು ನಿಜ, ಆದರೆ ಈ ಹೊರಗುಳಿದ ಮಹಾಶಯ ಯಾರು ಎಂದು ಕೇಳಿದರು. ನಾಲಿಗೆ ಮತ್ತೆ ಹಳೆಯ ಜಾಗಕ್ಕೆ ಹೋಗಿ ಸಿಕ್ಕಿಕೊಂಡಿತು. ವಕೀಲ ಕೆಮ್ಮಿದ. ಆಮೇಲೆ, "ನಮ್ಮ ಭಾವ," ಎಂದ. ಮೇಜಿನ ಎರಡೂ ಕಡೆ ನಗು ಎದ್ದಿತು. ಕಾಲೇಜಿನ ಮುದಿ ವಕೀಲರು ಕಣ್ಣು ಮುಚ್ಚಿಕೊಂಡೇ, ತಮ್ಮ ಕಕ್ಷಿದಾರರ ಆಕ್ಷೇಪಣೆಯೇನೂ ಇಲ್ಲ ಎಂದರು. ಕುಲಪತಿಗಳಿಗೆ ಈಗ ಆಟ ರುಚಿಸತೊಡಗಿತ್ತು. ಹಾಗಿದ್ದರೆ ಅವರನ್ನೇ ಕರೆಸಿ, ಬೋಧಕರೋ ಬೋಧಕೇತರರೋ ಅವರ ಬಾಯಿಂದಲೇ ಕೇಳೋಣ ಎಂದರು.

ಭಾವ ಬಂದು ಬಾಗಿಲಲ್ಲೇ ನಿಂತರು. ನೆಲದ ಮೇಲೆ ಸುಣ್ಣದ ಹೆಜ್ಜೆ ಮೂಡಬಾರದೆಂದು ಬೂಟು ಹೊರಗೆ ಬಿಟ್ಟು ಬಂದಿದ್ದರು. ಎಡಗಾಲಿನ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಕುಲಪತಿಗಳ ಪ್ರಶ್ನೆಯನ್ನು ಕೇಳಿಸಿಕೊಂಡು ಆ ಬೆರಳನ್ನು ಒಳಗೆ ಮಡಚಿಕೊಂಡರು.

"ನನಗೂ ಸರಿಯಾಗಿ ಗೊತ್ತಿಲ್ಲ ಸರ್. ಸಂಬಳದ ಪಟ್ಟಿಯಲ್ಲಿ ಬೋಧಕ. ಸ್ಟಾಫ್ ರೂಮಿನಲ್ಲಿ ಕುರ್ಚಿ ಇಲ್ಲ."

ಈ ಸಲ ಯಾರೂ ನಗಲಿಲ್ಲ. ಪ್ರಾಂಶುಪಾಲೆ ಕುರ್ಚಿಯ ಕೈ ಸವರುವುದನ್ನು ನಿಲ್ಲಿಸಿದರು. ಈ ವಕೀಲರಿಗೆ ನೀವು ಏನು ಪಾಠ ಹೇಳಿದಿರಿ ಎಂದು ಕುಲಪತಿಗಳು ಕೇಳಿದ್ದಕ್ಕೆ, ಓಡುವುದನ್ನು ಹೇಳಿಕೊಡಲು ನೋಡಿದೆ, ಬರಲಿಲ್ಲ ಎಂದು ಭಾವ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಗು ಮತ್ತೆ ಎದ್ದಿತು, ಈಗ ದೊಡ್ಡದಾಗಿ, ಮತ್ತು ಅದರಲ್ಲಿ ವಕೀಲನೂ ಸೇರಿಕೊಂಡ. ಸೇರಿಕೊಳ್ಳುವುದು ಬಿಟ್ಟರೆ ಅಡಗಿಕೊಳ್ಳಲು ಬೇರೆ ಜಾಗ ಇರಲಿಲ್ಲ. ಭಾವನನ್ನು ಕಳಿಸಿ, ಸೂರಿನ ಜಾಗದಲ್ಲಿ ಏನು ಬರೆಯುವುದು ಎಂದು ಕುಲಪತಿಗಳು ಕೇಳಿದಾಗ ಅವನ ಬಾಯಿಂದ ಯೋಚನೆಯೇ ಇಲ್ಲದೆ ‘ಆವರಣ’ ಬಂತು. ಲೀನವಾಗುವ ಸಂಸ್ಥೆಯ ಆವರಣದಲ್ಲಿ ಪಾಠ ಹೇಳುವವರು. ಮೈದಾನವೂ ಒಳಗೆ, ಮನೆಯಲ್ಲಿ ಕೂತವರು ಹೊರಗೆ. ಇಷ್ಟು ಸುಲಭ.

ಆಗ ಮುದಿ ವಕೀಲರು ಕಣ್ಣು ತೆರೆದರು. "ನಿಮ್ಮ ಹಿಂದಿನ ಒಂಬತ್ತು ಒಪ್ಪಂದ ನಾನು ನೋಡಿದ್ದೀನಿ. ಒಂಬತ್ತರಲ್ಲೂ ಆವರಣ ಅಂತಾನೇ ಇದೆ. ಈ ಸಲ ಯಾಕೆ ಸೂರು ಬಂತು?" ಕೇಳಿ, ಉತ್ತರಕ್ಕೆ ಕಾಯದೆ ಮತ್ತೆ ಕಣ್ಣು ಮುಚ್ಚಿದರು. ಉಳಿದವರಿಗೆ ಆ ಪ್ರಶ್ನೆ ಕೇಳಿಸಿದಂತೆಯೇ ಇರಲಿಲ್ಲ. ಅವರು ಪೆನ್ನು ಹುಡುಕುತ್ತಿದ್ದರು. ವಕೀಲ ಹತ್ತು ಪ್ರತಿಗಳಲ್ಲೂ ತನ್ನ ಕೈಯಿಂದಲೇ ಸೂರನ್ನು ಹೊಡೆದುಹಾಕಿ ಆವರಣ ಎಂದು ಬರೆದ. ಪಕ್ಕದಲ್ಲಿ ಎರಡೂ ಕಡೆಯವರು ಚಿಕ್ಕ ಸಹಿ ಹಾಕಿದರು. ಹತ್ತು ಸಲ ಬರೆಯುವಾಗ ಹತ್ತು ಸಲವೂ ಆ ಮಧ್ಯಾಹ್ನದ ತನ್ನ ನಗು ಕಿವಿಯಲ್ಲಿ ಕೇಳಿಸಿತು. ಮನೆಯಲ್ಲಿ ಕೂತವರನ್ನು ಹೊರಗಿಡಲು ಆವರಣವೇ ಸಾಕಿತ್ತು. ಸೂರು ಬೇಕಾದದ್ದು ಇನ್ನು ಯಾರನ್ನು ಹೊರಗಿಡಲಿಕ್ಕೆ? ಎಷ್ಟು ಕೆದಕಿದರೂ ಮನಸ್ಸು ಎರಡು ಉತ್ತರ ಕೊಡುತ್ತಿತ್ತು, ಎರಡೂ ನಂಬುವ ಹಾಗೆ ಇದ್ದವು. ಬೇರೆಯವರ ಮಾತಿನಲ್ಲಿ ಇಂಥ ಎಡೆ ಕಂಡಿದ್ದರೆ ಅವನು ಗೀಟು ಹಾಕಿ ‘ಅಸ್ಪಷ್ಟ’ ಎಂದು ಬರೆದು ವಾಪಸು ಕಳಿಸುತ್ತಿದ್ದ.

ಎಲ್ಲ ಮುಗಿದು ಕೆಳಗಿಳಿದಾಗ ಭಾವ ಮೆಟ್ಟಿಲ ಬುಡದಲ್ಲಿ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. ವಕೀಲ ಒಂದು ಮೆಟ್ಟಿಲು ಮೇಲೆ ಕೂತ. ಆಯಿತು, ಸೇವೆ ಮುಂದುವರಿಯುತ್ತದೆ, ಒಂದು ದಿನವೂ ತುಂಡಾಗುವುದಿಲ್ಲ ಎಂದ. ಗೊತ್ತಾಯಿತು ಎಂದರು ಭಾವ. ದಾರದ ಗಂಟು ಬಿಗಿಮಾಡಿ, ಇನ್ನೊಂದು ಬೂಟಿಗೆ ಕೈ ಹಾಕುತ್ತ, ತಾವು ಹೊರಗುಳಿದಿದ್ದದ್ದು ಮೂರು ವಾರದ ಹಿಂದೆಯೇ ಗೊತ್ತಿತ್ತು ಎಂದೂ ಸೇರಿಸಿದರು. ಅಕ್ಕ ಎಂಬತ್ತನಾಲ್ಕು ಪುಟವನ್ನೂ ಓದಿದ್ದಳಂತೆ. ಹದಿನೇಳಕ್ಕೆ ಬಂದು ನಿಂತು, ಮತ್ತೆ ಓದಿ, ತಕ್ಷಣ ತಮ್ಮನಿಗೆ ಫೋನ್ ಮಾಡುತ್ತೇನೆ ಎಂದು ಎದ್ದಳಂತೆ. ಭಾವ ಬೇಡ ಎಂದರಂತೆ. ಮೂರು ಭಾನುವಾರಗಳಿಂದ ಅಕ್ಕನ ಫೋನು ಬರಲಿಲ್ಲವಲ್ಲ, ತನ್ನ ಕೆಲಸದ ಒತ್ತಡ ಅರ್ಥಮಾಡಿಕೊಂಡಿದ್ದಾಳೆ ಎಂದುಕೊಂಡು ವಕೀಲ ಒಳಗೊಳಗೇ ಮೆಚ್ಚಿಕೊಂಡಿದ್ದ.

"ಯಾಕೆ ಬೇಡ ಅಂದ್ರಿ ಭಾವ?"

"ನಾವು ಹೇಳಿ ನೀನು ತಿದ್ದಿದ್ರೆ ಅದು ನಮ್ಮ ಕೆಲಸ ಆಗ್ತಿತ್ತು. ಇವತ್ತು ಹನ್ನೊಂದರ ತನಕ ಟೈಮ್ ಇತ್ತಲ್ಲ." ಭಾವ ಎರಡನೆಯ ಗಂಟನ್ನೂ ಬಿಗಿಮಾಡಿದರು. "ಅವಳು ಮಾತ್ರ ಅತ್ತುಬಿಟ್ಲು. ಕೆಲಸಕ್ಕಲ್ಲ. ನೀನು ಮರೆತಿದ್ದೋ ಬೇಕಂತ ಬಿಟ್ಟಿದ್ದೋ ಅಂತ. ಈಗ ಹೇಳು, ಯಾವುದು?"

ವಕೀಲನ ಹತ್ತಿರ ಉತ್ತರಗಳಿಗೆ ಬರವಿರಲಿಲ್ಲ. ಅರೆಕಾಲಿಕದವರ ವಿಚಾರವಿತ್ತು, ಕೆಲಸದ ರಾಶಿಯಿತ್ತು, ಮನುಷ್ಯ ಎಂದ ಮೇಲೆ ತಪ್ಪು ಸಹಜ ಎಂಬುದಿತ್ತು. ಮೂರನ್ನೂ ನಾಲಿಗೆಯ ತನಕ ತಂದ. ಭಾವ ಅವನ ಮುಖವನ್ನೇ ನೋಡುತ್ತಿದ್ದರು, ಕೋಪವಿಲ್ಲದೆ, ಅವಸರವಿಲ್ಲದೆ, ಸಂಜೆಯ ತನಕ ಬೇಕಾದರೂ ಕಾಯುತ್ತೇನೆ ಎನ್ನುವ ಹಾಗೆ.

"ಗೊತ್ತಿಲ್ಲ ಭಾವ," ಎಂದ. "ನಿಜವಾಗ್ಲೂ ನನಗೇ ಗೊತ್ತಿಲ್ಲ."

ಹೇಳಿದ ಮೇಲೆ ಅವನಿಗೆ ನಾಚಿಕೆಯಾಯಿತು, ಕಣ್ಣು ಒದ್ದೆಯಾಯಿತು. ಎರಡನ್ನೂ ಭಾವ ನೋಡದ ಹಾಗೆ ಮಾಡಿ ಎದ್ದು ನಿಂತರು. ಪ್ಯಾಂಟಿನ ಹಿಂಭಾಗ ಕೊಡವಿಕೊಂಡರು. "ನಾನೂ ಹಾಗೇ ಇರಬೇಕು ಅಂದ್ಕೊಂಡೆ. ನನಗೆ ಇಷ್ಟು ಸಾಕು. ಆದ್ರೆ ನಿಮ್ಮಕ್ಕನ ಹತ್ರ ಇದನ್ನ ಹೇಳೋಕೆ ಹೋಗ್ಬೇಡ. ಮರೆತುಬಿಟ್ಟಿದ್ದೆ ಅನ್ನು. ಈಗಲೇ ಮಾಡು ಫೋನು."

ಅಷ್ಟು ಹೇಳಿ ಅವರು ಮೈದಾನದ ಕಡೆಗೆ ನಡೆದರು. ವಕೀಲ ಮೆಟ್ಟಿಲ ಮೇಲೆ ಕೂತೇ ಫೋನ್ ಮಾಡಿದ. ಮೊದಲ ರಿಂಗಿಗೇ ಅಕ್ಕ ಎತ್ತಿಕೊಂಡಳು. ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳೋ ಏನೋ. ಹದಿನೇಳನೆಯ ಪುಟದಲ್ಲಿ ಒಂದು ತಪ್ಪಾಗಿತ್ತು, ಸರಿಮಾಡಿದೆ, ಭಾವನ ಕೆಲಸಕ್ಕೆ ಏನೂ ತೊಂದರೆಯಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ. ಆಮೇಲೆ, ಹೇಳಿಕೊಟ್ಟಿದ್ದನ್ನು ಹೇಳಿದ.

"ಮರೆತುಬಿಟ್ಟಿದ್ದೆ ಅಕ್ಕ."

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

"ಹಾಗೆ ಹೇಳು ಅಂತ ಅವರು ಹೇಳಿಕೊಟ್ರಾ?"

ಸುಳ್ಳಿಗೆ ಒಂದು ಸಲ ಬಾಯಿ ಬಂದಿತ್ತು, ಎರಡನೆಯ ಸಲ ಬರಲಿಲ್ಲ. ಹೂಂ ಎಂದ.

"ಇಷ್ಟು ವರ್ಷದಲ್ಲಿ ಅವರು ಕಲಿಸಿದ್ದರಲ್ಲಿ ನೀನು ಕಲಿತದ್ದು ಇದೊಂದೇ," ಎಂದಳು ಅಕ್ಕ. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. "ಇಬ್ಬರೂ ಊಟಕ್ಕೆ ಬನ್ನಿ."